ಕರುಳಿನ ಸೂಕ್ಷ್ಮಜೀವಿಗಳು ಮತ್ತು ರೋಗನಿರೋಧಕ ಶಕ್ತಿ

(ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ರೈತರಿಗಾಗಿ ಸಿದ್ಧಪಡಿಸಿದ ಭಾಷಣ)



ಹಳ್ಳಿಯಲ್ಲಿ ಹಸು ಈದರೆ ಆ ಮನೆಗೆ ಹಬ್ಬವಿದ್ದಂತೆ. ಮೊದಲ ಎರಡು ಮೂರು ದಿನದ ಹಾಲನ್ನು ಕರೆದು, ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಕಾಯಿಸಿ ನೆರೆಹೊರೆಯವರಿಗೆ ಹಂಚುವುದು ಈ ಭಾಗದ ಹಳೆಯ ರೂಢಿ. ರೂಢಿ ಒಳ್ಳೆಯದೇ. ಆದರೆ ಆ ಸಂಭ್ರಮದಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಕಟ್ಟಿದ ಕರುವಿನ ಹೊಟ್ಟೆಗೆ ಎಷ್ಟು ಗಿಣ್ಣುಹಾಲು ಸೇರಿತು ಎಂದು ಕೇಳುವವರು ಕಡಿಮೆ. ಹತ್ತು ಹದಿನೈದು ದಿನ ಕಳೆಯುವುದರೊಳಗೆ ಅಂಥ ಕರು ಬಿಳಿ ಭೇದಿ ಹಾಕತೊಡಗುತ್ತದೆ. ಬಡಕಲಾಗಿ ನೆಲ ಹಿಡಿಯುತ್ತದೆ. ಮುಂದೆ ಮನೆಗೆ ಹಾಲು ಕೊಡಬೇಕಾಗಿದ್ದ ಕಡಸು ಸತ್ತುಹೋದ ಮೇಲೆ ‘ದೃಷ್ಟಿ ತಾಕಿತು’ ಎಂದು ಸುಮ್ಮನಾಗುವುದುಂಟು.

ಇನ್ನೊಂದು ಮನೆಯಲ್ಲಿ ಮಗುವಿಗೆ ಪದೇ ಪದೇ ಹೊಟ್ಟೆ ಕೆಡುತ್ತದೆ. ಅಂಗಡಿಯಿಂದ ಎರಡು ಮಾತ್ರೆ ತಂದು ಕೊಟ್ಟರೆ ನಿಂತಂತಾಗುತ್ತದೆ. ತಿಂಗಳೊಳಗೆ ಮತ್ತೆ ಅದೇ ಕಥೆ. ಕೊಟ್ಟಿಗೆಯ ಕರು, ತೊಟ್ಟಿಲ ಮಗು ಎರಡರ ಕಷ್ಟದ ಹಿಂದೆಯೂ ಒಂದು ಸಮಾನ ವಿಷಯವಿದೆ. ಅದು ಕರುಳಿನಲ್ಲಿ ವಾಸಿಸುವ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ವಿಷಯ. ಈ ಜೀವಿಗಳಿಗೂ ದೇಹದ ರೋಗನಿರೋಧಕ ಶಕ್ತಿಗೂ ಇರುವ ಸಂಬಂಧವನ್ನು ವಿಜ್ಞಾನಿಗಳು ಕಳೆದ ಕೆಲವು ದಶಕಗಳಲ್ಲಿ ಬಹುಮಟ್ಟಿಗೆ ಬಿಡಿಸಿಟ್ಟಿದ್ದಾರೆ. ಅದರಲ್ಲಿ ರೈತನ ಕೈಯಲ್ಲೇ ಇರುವ ಭಾಗ ಯಾವುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕರುಳೆಂಬ ಹೊಲ

ಒಂದು ಚಿಟಿಕೆ ಹೊಲದ ಮಣ್ಣಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿರುತ್ತವೆ ಎಂಬುದು ಓದಿದ ರೈತರಿಗೆಲ್ಲ ತಿಳಿದಿದೆ. ಅವರೆ, ಅಲಸಂದೆಯ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಜೀವಾಣುಗಳು ಸಾರಜನಕವನ್ನು ಸ್ಥಿರೀಕರಿಸುವುದನ್ನೂ ಬಲ್ಲರು. ಮನುಷ್ಯನ ಕರುಳೂ ಅಂಥದೇ ಒಂದು ಹೊಲ. 2016ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದಂತೆ ವಯಸ್ಕನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳಿವೆ. ದೇಹದ ಸ್ವಂತ ಜೀವಕೋಶಗಳ ಸಂಖ್ಯೆಯೂ ಹೆಚ್ಚು ಕಡಿಮೆ ಅಷ್ಟೇ. ಈ ಬ್ಯಾಕ್ಟೀರಿಯಗಳ ಒಟ್ಟು ತೂಕ ಸುಮಾರು 200 ಗ್ರಾಂ. ಇವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ.

ಈ ಹೊಲಕ್ಕೆ ಬಿತ್ತನೆಯಾಗುವುದು ಹುಟ್ಟಿನ ಸಮಯದಲ್ಲಿ. ಹೆರಿಗೆಯಾಗುವಾಗ ತಾಯಿಯಿಂದ, ಆಮೇಲೆ ಎದೆಹಾಲಿನಿಂದ, ಮನೆಯವರ ಸಂಪರ್ಕದಿಂದ ಜೀವಾಣುಗಳು ಮಗುವಿನ ಕರುಳು ಸೇರುತ್ತವೆ. ಎರಡು ಮೂರು ವರ್ಷ ತುಂಬುವ ಹೊತ್ತಿಗೆ ಹೊಲ ಒಂದು ಹದಕ್ಕೆ ಬರುತ್ತದೆ. ಒಳ್ಳೆಯ ಬೆಳೆ ಸಾಲು ತುಂಬಿ ನಿಂತರೆ ಕಳೆಗೆ ಜಾಗವಿಲ್ಲ. ಹಾಗೆಯೇ ಉಪಕಾರಿ ಜೀವಾಣುಗಳು ಕರುಳನ್ನು ತುಂಬಿಕೊಂಡಿದ್ದರೆ ರೋಗಾಣುಗಳಿಗೆ ನೆಲೆಯೂ ಆಹಾರವೂ ಸುಲಭವಾಗಿ ಸಿಗುವುದಿಲ್ಲ. ಇದು ಈ ಜೀವಿಗಳಿಂದಾಗುವ ಮೊದಲನೆಯ ಉಪಕಾರ.

ಹೊಲದ ಉತ್ಪನ್ನ

ಎರಡನೆಯ ಉಪಕಾರ ಇನ್ನೂ ದೊಡ್ಡದು. ತಿಂದ ಆಹಾರದಲ್ಲಿ ನಾರಿನಂಶವನ್ನು ಅರಗಿಸುವ ಶಕ್ತಿ ಮನುಷ್ಯನಿಗಿಲ್ಲ. ಅದು ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಗಳು ಅದನ್ನು ಹುದುಗಿಸಿ ಮುಖ್ಯವಾಗಿ ಮೂರು ಆಮ್ಲಗಳನ್ನು ತಯಾರಿಸುತ್ತವೆ: ಅಸಿಟಿಕ್, ಪ್ರೊಪಿಯಾನಿಕ್ ಮತ್ತು ಬ್ಯುಟಿರಿಕ್ ಆಮ್ಲ. ಮೊದಲನೆಯದು ವಿನಿಗರ್‌ನಲ್ಲಿರುವ ಆಮ್ಲವೇ. ಮೂರನೆಯದಕ್ಕೆ ಬೆಣ್ಣೆಯಿಂದ ಹೆಸರು ಬಂದಿದೆ. ಹಳಸಿದ ಬೆಣ್ಣೆಯ ಮತ್ತು ಸರಿಯಾಗಿ ತುಳಿಯದೆ ಕೆಟ್ಟ ಸೈಲೇಜಿನ ವಾಸನೆ ಅದರದೇ. ಸೈಲೇಜಿನಲ್ಲಿ ಬೇಡವಾದ ಈ ಆಮ್ಲ ಕರುಳಿನಲ್ಲಿ ಮಾತ್ರ ಅಮೂಲ್ಯ ವಸ್ತು.

ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ತಮಗೆ ಬೇಕಾದ ಶಕ್ತಿಯಲ್ಲಿ ಸುಮಾರು ಶೇಕಡ 70 ಭಾಗವನ್ನು ಬ್ಯುಟಿರಿಕ್ ಆಮ್ಲದಿಂದಲೇ ಪಡೆಯುತ್ತವೆ. ರಕ್ತದಿಂದ ಬರುವ ಸಕ್ಕರೆಗಿಂತ ಇದನ್ನೇ ಹೆಚ್ಚಾಗಿ ನೆಚ್ಚಿಕೊಂಡಿವೆ. ಆದ್ದರಿಂದ ನಾರಿಲ್ಲದ ಊಟ ಮಾಡಿದಾಗ ಹೊಟ್ಟೆ ತುಂಬಿದರೂ ಈ ಒಳಪದರ ಉಪವಾಸ ಬೀಳುತ್ತದೆ. ಬ್ಯಾಕ್ಟೀರಿಯಗಳಿಗೂ ಮೇವಿಲ್ಲದಂತಾಗಿ, ಅವುಗಳಲ್ಲಿ ಕೆಲವು ಕರುಳಿನ ಗೋಡೆಯನ್ನು ಕಾಯುವ ಲೋಳೆಯನ್ನೇ ಮೇಯತೊಡಗುತ್ತವೆ ಎಂದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಹೊರಗೆ ಮೇವು ಸಿಗದ ದನ ಬೇಲಿಯ ಸೊಪ್ಪಿಗೆ ಬಾಯಿ ಹಾಕಿದ ಹಾಗೆ.

ರೋಗನಿರೋಧಕ ಶಕ್ತಿಗೆ ಪಾಠ

ಕರುಳು ದಿನವೂ ಹೊರಗಿನ ವಸ್ತುವನ್ನು ಒಳಗೆ ಬಿಟ್ಟುಕೊಳ್ಳುವ ಜಾಗ. ಅದಕ್ಕಾಗಿಯೇ ದೇಹದ ರಕ್ಷಣಾ ಕಣಗಳಲ್ಲಿ ಹೆಚ್ಚಿನ ಪಾಲು ಕರುಳಿನ ಗೋಡೆಯ ಸುತ್ತ ಕಾವಲಿಗಿವೆ. ಈ ಕಾವಲುಗಾರರಿಗೆ ಸೂಕ್ಷ್ಮಜೀವಿಗಳು ಮೂರು ರೀತಿಯಲ್ಲಿ ನೆರವಾಗುತ್ತವೆ.

ಮೊದಲನೆಯದು ಬೇಲಿಯ ಕೆಲಸ. ಬ್ಯುಟಿರಿಕ್ ಆಮ್ಲ ದೊರೆತಾಗ ಕರುಳಿನ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಂದಿಕೊಂಡಿರುತ್ತವೆ. ಲೋಳೆಯ ಪದರವೂ ದಪ್ಪವಾಗುತ್ತದೆ. ಬೇಳೆಕಾಳು, ಹಾಲು ಮುಂತಾದವುಗಳಲ್ಲಿರುವ ಟ್ರಿಪ್ಟೊಫ್ಯಾನ್ ಎಂಬ ಅಂಶದಿಂದ ಕೆಲವು ಬ್ಯಾಕ್ಟೀರಿಯಗಳು ಇಂಡೋಲ್ ಎಂಬ ಬೇರೊಂದು ವಸ್ತುವನ್ನು ಮಾಡುತ್ತವೆ. ಅದೂ ಈ ಗೋಡೆಯನ್ನು ಭದ್ರಪಡಿಸುತ್ತದೆ.

ಎರಡನೆಯದು ಕಾವಲುಗಾರರ ತರಬೇತಿ. ಯಾವ ಸೂಕ್ಷ್ಮಜೀವಿಯೂ ಸೋಕದಂತೆ ಬೆಳೆಸಿದ ಇಲಿಗಳಲ್ಲಿ ಕರುಳಿನ ರಕ್ಷಣಾ ಗಂಟುಗಳು ಸರಿಯಾಗಿ ಬೆಳೆಯುವುದಿಲ್ಲ. ಕರುಳಿಗೆ ಸ್ರವಿಸುವ ಪ್ರತಿಕಾಯಗಳೂ ಬಹಳ ಕಡಿಮೆ. ಅಂಥ ಇಲಿಗೆ ಸಾಧಾರಣ ಇಲಿಯ ಜೀವಾಣುಗಳನ್ನು ಕೊಟ್ಟಾಗ ಈ ಕೊರತೆ ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ನೇಗಿಲು ಕಾಣದ ಎತ್ತಿಗೆ ಉಳುಮೆ ಹೇಗೆ ಬರುವುದಿಲ್ಲವೋ ಹಾಗೆಯೇ ಸೂಕ್ಷ್ಮಜೀವಿಗಳ ಪರಿಚಯವಿಲ್ಲದ ರಕ್ಷಣಾ ವ್ಯವಸ್ಥೆಗೆ ಕೆಲಸ ಬರುವುದಿಲ್ಲ.

ಮೂರನೆಯದು ಸಂಯಮ. ಬೊಗಳಬೇಕಾದಲ್ಲಿ ಬೊಗಳಿ, ಮನೆಯವರನ್ನು ಕಂಡಾಗ ಸುಮ್ಮನಿರುವ ನಾಯಿಯೇ ಒಳ್ಳೆಯ ಕಾವಲು ನಾಯಿ. ಮನೆಯವರನ್ನೇ ಕಚ್ಚಿದರೆ ಅದರಿಂದ ಅಪಾಯ. ದೇಹದ ರಕ್ಷಣಾ ಕಣಗಳು ಹೀಗೆ ಹದ್ದುಮೀರದಂತೆ ತಡೆಯುವ ಒಂದು ಬಗೆಯ ಬಿಳಿ ರಕ್ತಕಣಗಳಿವೆ. ಅವಕ್ಕೆ ನಿಯಂತ್ರಕ ಟಿ ಕಣಗಳೆಂದು ಹೆಸರು. ಇವುಗಳ ಕುರಿತ ಸಂಶೋಧನೆಗಾಗಿ ಜಪಾನಿನ ಶಿಮೊನ್ ಸಕಗುಚಿ, ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೆ 2025ರ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಕರುಳಿನ ಬ್ಯಾಕ್ಟೀರಿಯಗಳು ತಯಾರಿಸುವ ಬ್ಯುಟಿರಿಕ್ ಮುಂತಾದ ಆಮ್ಲಗಳು ಈ ಕಣಗಳ ಸಂಖ್ಯೆಯನ್ನು ಹೆಚ್ಚಿಸುತ್ತವೆ ಎಂಬುದನ್ನು 2013ರಲ್ಲಿ ಜಪಾನ್ ಮತ್ತು ಅಮೆರಿಕದ ಮೂರು ತಂಡಗಳು ಬೇರೆ ಬೇರೆಯಾಗಿ ಇಲಿಗಳಲ್ಲಿ ತೋರಿಸಿದವು. ಹೀಗೆ ತಟ್ಟೆಯ ನಾರಿನಿಂದ ಹೊರಟು ರಕ್ತದ ಕಣದವರೆಗೆ ಒಂದು ದಾರಿ ಇರುವುದು ಖಚಿತವಾಯಿತು.

ಈ ನಾಲ್ಕು ತಾಲ್ಲೂಕುಗಳ ಬೆಳೆ ಮತ್ತು ತಟ್ಟೆ

ಕರುಳಿನ ಹೊಲಕ್ಕೆ ಗೊಬ್ಬರ ಯಾವುದು ಎಂದು ಕೇಳಿದರೆ ಉತ್ತರ ದೂರದಲ್ಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿನಂಶವಿದೆ. ಅಷ್ಟೇ ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ಹುರುಳಿಯಲ್ಲಿ ಸುಮಾರು 8 ಗ್ರಾಂ, ಅಲಸಂದೆಯಲ್ಲಿ ಸುಮಾರು 11 ಗ್ರಾಂ ಇದೆ. ವಯಸ್ಕರಿಗೆ ದಿನಕ್ಕೆ ಸುಮಾರು 30 ಗ್ರಾಂ ನಾರು ಬೇಕು. ನೂರು ಗ್ರಾಂ ಹಿಟ್ಟಿನ ಎರಡು ಮುದ್ದೆ, ಹುರುಳಿಕಾಳಿನ ಬಸ್ಸಾರು, ಒಂದು ಹಿಡಿ ಸೊಪ್ಪಿನ ಪಲ್ಯ ಇದ್ದರೆ ಅದು ಪೂರೈಸುತ್ತದೆ. ಬರಿಯ ಬಿಳಿ ಅನ್ನ, ತಿಳಿಸಾರು ಉಂಡರೆ ಅರ್ಧವೂ ದಕ್ಕುವುದಿಲ್ಲ. ಹಿಟ್ಟನ್ನು ನಯವಾದ ಜರಡಿಯಲ್ಲಿ ಆಡಿಸಿ ತೌಡು ಚೆಲ್ಲಿದರೆ ರಾಗಿಯ ನಾರೂ ಕಡಿಮೆಯಾಗುತ್ತದೆ.

ಧಾನ್ಯ, ಕಾಳು ತಿನ್ನುವ ಹಳ್ಳಿಗರ ಕರುಳಿಗೂ ಪೇಟೆಯ ಊಟದವರ ಕರುಳಿಗೂ ಇರುವ ವ್ಯತ್ಯಾಸವನ್ನು ಅಳೆದು ನೋಡಿದ್ದಾರೆ. ಆಫ್ರಿಕದ ಬುರ್ಕಿನಾ ಫಾಸೊ ದೇಶದ ಹಳ್ಳಿಯೊಂದರ ಮಕ್ಕಳನ್ನೂ ಇಟಲಿಯ ಫ್ಲಾರೆನ್ಸ್ ನಗರದ ಮಕ್ಕಳನ್ನೂ ಹೋಲಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಆಫ್ರಿಕದ ಮಕ್ಕಳ ಊಟ ಸಜ್ಜೆ, ಜೋಳ, ಅಲಸಂದೆ, ತರಕಾರಿ. ಅವರ ಕರುಳಿನಲ್ಲಿ ಮೇಲೆ ಹೇಳಿದ ಆಮ್ಲಗಳು ಹೆಚ್ಚಾಗಿಯೂ, ಭೇದಿ ತರುವ ಕೆಲವು ರೋಗಾಣುಗಳು ಕಡಿಮೆಯಾಗಿಯೂ ಇದ್ದವು. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಅಮೆರಿಕದ ಕಪ್ಪು ಜನರಿಗೆ ದಕ್ಷಿಣ ಆಫ್ರಿಕದ ಹಳ್ಳಿಯ ನಾರುಯುಕ್ತ ಊಟವನ್ನೂ, ಹಳ್ಳಿಯವರಿಗೆ ಅಮೆರಿಕದ ಮಾಂಸ ಕೊಬ್ಬಿನ ಊಟವನ್ನೂ ಕೊಡಲಾಯಿತು. ಎರಡೇ ವಾರದಲ್ಲಿ ಮೊದಲ ಗುಂಪಿನವರ ಕರುಳಿನಲ್ಲಿ ಬ್ಯುಟಿರಿಕ್ ಆಮ್ಲ ಎರಡೂವರೆ ಪಟ್ಟಾಯಿತು. ಎರಡನೆಯ ಗುಂಪಿನಲ್ಲಿ ಅದು ಇಳಿಯಿತು. ಕರುಳಿನ ಹೊಲ ಬೇಗ ಸುಧಾರಿಸುತ್ತದೆ, ಹಾಗೆಯೇ ಬೇಗ ಕೆಡುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಈಗ ಈ ಭಾಗದ ಹೊಲಗಳನ್ನು ನೋಡೋಣ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕೆಂಪು ಮಣ್ಣಿನಲ್ಲಿ ತಂಬಾಕು ಮತ್ತು ಮುಸುಕಿನ ಜೋಳ ಹಣ ತರುವ ಬೆಳೆಗಳು. ಕಾವೇರಿ ನಾಲೆಗಳ ಕೃಷ್ಣರಾಜನಗರ ಭತ್ತದ ಸೀಮೆ. ಹಣದ ಬೆಳೆಯನ್ನು ಬಿಡಬೇಕೆಂದು ಹೇಳುತ್ತಿಲ್ಲ. ಆದರೆ ಮಾರುವ ಬೆಳೆಗೆ ಇಡೀ ಹೊಲ ಕೊಟ್ಟು, ಉಣ್ಣುವ ರಾಗಿಯನ್ನೂ ಕಾಳನ್ನೂ ಅಂಗಡಿಯಿಂದ ತರಬೇಕಾದಾಗ ಮನೆಯಾಕೆ ಅಳೆದು ಬೇಯಿಸುತ್ತಾಳೆ. ಕ್ರಮೇಣ ಅನ್ನವೊಂದೇ ಉಳಿಯುತ್ತದೆ. ಹೊಲ ಇದ್ದೂ ತಟ್ಟೆ ಬಡವಾಗುವುದು ಹೀಗೆ. ಇದಕ್ಕೆ ಬೇಸಾಯದಲ್ಲೇ ಪರಿಹಾರವಿದೆ.

ತಂಬಾಕಿನ ಎಲೆ ಮುರಿದು ಮುಗಿದ ಹೊಲದಲ್ಲಿ ಹಿಂಗಾರಿನ ತೇವ ನೋಡಿಕೊಂಡು ಅಲ್ಪಾವಧಿ ರಾಗಿಯನ್ನೋ ಹುರುಳಿಯನ್ನೋ ಬೆಳೆಯಬಹುದು. ಮಳೆಯಾಶ್ರಯದ ರಾಗಿಯಲ್ಲಿ 8 ಸಾಲಿಗೆ 2 ಸಾಲು ತೊಗರಿ ಅಥವಾ 1 ಸಾಲು ಅವರೆಯನ್ನು ಅಕ್ಕಡಿಯಾಗಿ ಹಾಕಿದರೆ ಧಾನ್ಯ, ಕಾಳು ಎರಡೂ ಮನೆಗೆ ಬರುತ್ತವೆ. ಮಣ್ಣಿಗೂ ಸಾರಜನಕ ಸೇರುತ್ತದೆ. ಭತ್ತದ ಸೀಮೆಯಲ್ಲಿ ಗದ್ದೆಯ ಬದುಗಳ ಮೇಲೆ ತೊಗರಿ, ಭತ್ತ ಕೊಯ್ದ ಮೇಲೆ ಉಳಿದ ತೇವದಲ್ಲಿ ಉದ್ದು, ಅಲಸಂದೆ ಬರುತ್ತವೆ. ಮನೆಯ ಬಳಕೆಯ ಅಕ್ಕಿಯನ್ನು ಗಿರಣಿಯಲ್ಲಿ ಅತಿಯಾಗಿ ಪಾಲಿಶ್ ಮಾಡಿಸಬಾರದು. ಕಾಡಂಚಿನ ಹಾಡಿಗಳ ಜನರಿಗೆ ತಿಳಿದಿರುವ ಸೊಪ್ಪು, ಗೆಡ್ಡೆಗಳ ಅರಿವು ಸಹ ಕಳೆದುಹೋಗಬಾರದು. ಊಟದಲ್ಲಿ ಬಗೆ ಹೆಚ್ಚಿದಷ್ಟೂ ಕರುಳಿನ ಜೀವಾಣುಗಳಲ್ಲೂ ಬಗೆ ಹೆಚ್ಚುತ್ತದೆ.

ಬೇಯಿಸಿ ಆರಿದ ಅನ್ನ ಮತ್ತು ಮುದ್ದೆಯಲ್ಲಿ ಪಿಷ್ಟದ ಒಂದು ಭಾಗ ಗಟ್ಟಿಯಾಗಿ ನಾರಿನಂತೆ ವರ್ತಿಸುತ್ತದೆ. ಅದೂ ದೊಡ್ಡ ಕರುಳಿನ ಜೀವಾಣುಗಳಿಗೆ ಆಹಾರ. ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿದು ಹೊಲಕ್ಕೆ ಹೋಗುತ್ತಿದ್ದ ಹಿರಿಯರು ತಿಳಿದೋ ತಿಳಿಯದೆಯೋ ಒಳ್ಳೆಯದನ್ನೇ ಮಾಡುತ್ತಿದ್ದರು. ಆದರೆ ತಂಗಳನ್ನು ಶುದ್ಧ ಪಾತ್ರೆಯಲ್ಲಿ ಮುಚ್ಚಿಟ್ಟು ಮರುದಿನ ಬೆಳಿಗ್ಗೆಯೇ ಮುಗಿಸಬೇಕು. ಬೇಸಿಗೆಯಲ್ಲಿ ಅನ್ನ ಬೇಗ ಕೆಡುವುದರಿಂದ ಎಚ್ಚರ ಬೇಕು. ಕಾಳು, ರಾಗಿಯ ಅಭ್ಯಾಸ ತಪ್ಪಿದವರು ಒಮ್ಮೆಲೇ ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ಕಾಳನ್ನು ನೆನೆಸಿ ಮೊಳಕೆ ಬರಿಸಿ, ದಿನ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು.

ಕರುವಿಗೆ ಗಿಣ್ಣುಹಾಲು

ಮನುಷ್ಯರಲ್ಲಿ ತಾಯಿಯ ಪ್ರತಿಕಾಯಗಳು ಗರ್ಭದಲ್ಲೇ ಮಗುವಿಗೆ ದೊರೆಯುತ್ತವೆ. ಹಸುವಿನಲ್ಲಿ ಹಾಗಲ್ಲ. ಅದರ ಗರ್ಭವೇಷ್ಟನದ ರಚನೆಯಿಂದಾಗಿ ಕರು ಹುಟ್ಟುವಾಗ ಅದರ ರಕ್ತದಲ್ಲಿ ಪ್ರತಿಕಾಯಗಳು ಇಲ್ಲವೆನ್ನುವಷ್ಟು ಕಡಿಮೆ. ಅವೆಲ್ಲ ಗಿಣ್ಣುಹಾಲಿನಲ್ಲಿವೆ. ಕರುವಿನ ಕರುಳು ಈ ದೊಡ್ಡ ಕಣಗಳನ್ನು ಹಾಗೆಯೇ ರಕ್ತಕ್ಕೆ ಬಿಡುವುದು ಹುಟ್ಟಿದ ಮೊದಲ ಕೆಲವು ಗಂಟೆಗಳು ಮಾತ್ರ. ಸುಮಾರು 24 ಗಂಟೆಯಲ್ಲಿ ಆ ಬಾಗಿಲು ಮುಚ್ಚಿಹೋಗುತ್ತದೆ. ಮರುದಿನ ಕುಡಿಸಿದ ಗಿಣ್ಣು ಆಹಾರವಾದೀತು, ರಕ್ತದ ರಕ್ಷಣೆಯಾಗದು. ಅದಲ್ಲದೆ ಗಿಣ್ಣುಹಾಲಿನಲ್ಲಿರುವ ವಿಶೇಷ ಸಕ್ಕರೆಗಳು ಕರುಳಿನಲ್ಲಿ ಉಪಕಾರಿ ಜೀವಾಣುಗಳು ಮೊದಲು ನೆಲೆಯೂರಲು ನೆರವಾಗುತ್ತವೆ.

ಆದ್ದರಿಂದ ಕರು ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಲು ಆರಂಭಿಸಬೇಕು. ಮಾಸು ಬೀಳುವವರೆಗೆ ಕಾಯಬಾರದು. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು, ಎಂದರೆ 25 ಕಿಲೋ ತೂಗುವ ಕರುವಿಗೆ ಎರಡೂವರೆ ಲೀಟರ್ ಹೊಟ್ಟೆಗೆ ಸೇರಬೇಕು. ಅದರಲ್ಲಿ ಹೆಚ್ಚಿನ ಪಾಲು ಮೊದಲ ಆರು ಗಂಟೆಯೊಳಗೇ ಸೇರಬೇಕು. ಕರುವಿನ ಪಾಲು ಮುಗಿದ ಮೇಲೆ ಉಳಿದದ್ದರಲ್ಲಿ ಗಿಣ್ಣು ಕಾಯಿಸಿದರೆ ರೂಢಿಯೂ ಉಳಿಯಿತು, ಕರುವೂ ಉಳಿಯಿತು.

ಹುಟ್ಟಿದಾಗ ಕರುವಿನ ಮೆಲುಕುಚೀಲ ಚಿಕ್ಕದು, ಒಳಗೋಡೆ ನಯವಾಗಿರುತ್ತದೆ. ಎರಡನೆಯ ವಾರದಿಂದ ಹಾಲಿನ ಜೊತೆಗೆ ಸ್ವಲ್ಪ ಕರುವಿನ ಹಿಂಡಿ ಮಿಶ್ರಣ, ಶುದ್ಧ ನೀರು, ಎಳೆ ಹುಲ್ಲು ಇಡಬೇಕು. ಅಲ್ಲಿನ ಜೀವಾಣುಗಳು ಈ ಮೇವಿನಿಂದ ಮಾಡುವ ಬ್ಯುಟಿರಿಕ್ ಆಮ್ಲದಿಂದಲೇ ಮೆಲುಕುಚೀಲದ ಒಳಗಿನ ಬೆರಳಿನಂಥ ಕುಚ್ಚುಗಳು ಬೆಳೆಯುತ್ತವೆ. ಬೆಳೆದ ಹಸುವಿಗೆ ಬೇಕಾದ ಶಕ್ತಿಯಲ್ಲಿ ಸುಮಾರು ಶೇಕಡ 70 ಭಾಗ ಈ ಮೂರು ಆಮ್ಲಗಳಿಂದ ಬರುತ್ತದೆ.

ಜೀವಾಣುಗಳ ಉತ್ಪನ್ನ ಯಾವಾಗಲೂ ಹಿತವೆಂದು ತಿಳಿಯಬಾರದು. ಕಣಕ್ಕೆ ನುಗ್ಗಿ ಜೋಳವನ್ನೋ ರಾಗಿಯನ್ನೋ ಹೊಟ್ಟೆ ಬಿರಿಯ ತಿಂದ ಹಸು ಮೆಲುಕು ನಿಲ್ಲಿಸಿ ಕುಸಿಯುವುದು ರೈತರಿಗೆ ಗೊತ್ತು. ಅಲ್ಲಿ ಬೇರೆ ಬಗೆಯ ಜೀವಾಣುಗಳು ದಿಢೀರನೆ ಹೆಚ್ಚಿ ಲ್ಯಾಕ್ಟಿಕ್ ಆಮ್ಲವನ್ನು ತುಂಬಿಬಿಡುತ್ತವೆ. ಅಂಥ ಹಸುವಿಗೆ ಚಿಕಿತ್ಸೆ ಮಾಡಿ ಚೇತರಿಸುವಾಗ ಪಶುವೈದ್ಯರು ಆರೋಗ್ಯವಂತ ಹಸುವಿನ ಮೆಲುಕುಚೀಲದ ದ್ರವವನ್ನು ಕುಡಿಸುವುದುಂಟು. ಹೊಲ ಕೆಟ್ಟಾಗ ಒಳ್ಳೆಯ ಹೊಲದ ಬಿತ್ತನೆ ತಂದ ಹಾಗೆ.

ಜೀವಿರೋಧಕ ಔಷಧಗಳ ಬಳಕೆ

ಕಳೆನಾಶಕವನ್ನು ಬೆಳೆಯ ಮೇಲೆ ಸಿಂಪಡಿಸಿದರೆ ಬೆಳೆಯೂ ಸಾಯುತ್ತದೆ. ಜೀವಿರೋಧಕ ಔಷಧಗಳು, ಎಂದರೆ ಆಂಟಿಬಯಾಟಿಕ್‌ಗಳು, ರೋಗಾಣುವಿನ ಜೊತೆ ಉಪಕಾರಿ ಜೀವಾಣುಗಳನ್ನೂ ಕೊಲ್ಲುತ್ತವೆ. ಡೆನ್ಮಾರ್ಕಿನಲ್ಲಿ 12 ಮಂದಿ ಆರೋಗ್ಯವಂತ ಗಂಡಸರಿಗೆ ನಾಲ್ಕು ದಿನ ಇಂಥ ಮೂರು ಔಷಧಗಳನ್ನು ಕೊಟ್ಟು ಪರೀಕ್ಷಿಸಿದ ವರದಿ 2018ರಲ್ಲಿ ಪ್ರಕಟವಾಯಿತು. ಅವರ ಕರುಳು ಬಹುಮಟ್ಟಿಗೆ ಮೊದಲಿನಂತಾಗಲು ಒಂದೂವರೆ ತಿಂಗಳು ಹಿಡಿಯಿತು. ಆರು ತಿಂಗಳಾದರೂ ಮೊದಲಿದ್ದ 9 ಬಗೆಯ ಸಾಮಾನ್ಯ ಬ್ಯಾಕ್ಟೀರಿಯಗಳು ಹೆಚ್ಚಿನವರಲ್ಲಿ ಮರಳಿರಲಿಲ್ಲ.

ಹಾಗೆಂದು ಈ ಔಷಧಗಳು ಬೇಡವೆಂದಲ್ಲ. ನ್ಯುಮೋನಿಯ, ರಕ್ತದ ನಂಜು ಮುಂತಾದವುಗಳಲ್ಲಿ ಅವು ಪ್ರಾಣ ಉಳಿಸುತ್ತವೆ. ವೈದ್ಯರು ಹೇಳಿದಾಗ ಹೇಳಿದಷ್ಟು ದಿನ ತೆಗೆದುಕೊಳ್ಳಬೇಕು. ಆದರೆ ಮಕ್ಕಳ ಸಾಧಾರಣ ನೀರು ಭೇದಿಗೆ ಅವು ಬೇಕಿಲ್ಲ. ಜೀವಜಲದ ಪೊಟ್ಟಣ, ಎದೆಹಾಲು ಮತ್ತು ಆಹಾರದ ಮುಂದುವರಿಕೆ, 14 ದಿನ ಸತುವಿನ ಮಾತ್ರೆ, ಇವೇ ಸರಿಯಾದ ಉಪಚಾರ. ಮಲದಲ್ಲಿ ರಕ್ತ ಕಂಡರೆ, ಮಗು ಸೊರಗಿ ಕುಡಿಯಲಾರದಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಕರುವಿನ ಭೇದಿಗೂ ಮೊದಲು ಬೇಕಾದದ್ದು ಉಪ್ಪು ಸಕ್ಕರೆಯ ದ್ರವ ಮತ್ತು ಪಶುವೈದ್ಯರ ಸಲಹೆ. ಕೋಳಿ, ದನಗಳು ಬೇಗ ಬೆಳೆಯಲೆಂದು ಮೇವಿನಲ್ಲಿ ಈ ಔಷಧಗಳನ್ನು ಬೆರೆಸುವುದು ಅಪಾಯಕರ. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿರುವ ಕಾಲಿಸ್ಟಿನ್ ಔಷಧವನ್ನು ಆಹಾರದ ಪ್ರಾಣಿಗಳಲ್ಲಿ ಬಳಸುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿತು. ಚಿಕಿತ್ಸೆ ಪಡೆದ ಹಸುವಿನ ಹಾಲನ್ನು ಪಶುವೈದ್ಯರು ತಿಳಿಸಿದಷ್ಟು ದಿನ ಡೈರಿಗೆ ಹಾಕಬಾರದು, ಮನೆಯಲ್ಲೂ ಬಳಸಬಾರದು.

ನವಜಾತ ಶಿಶು

ಕೂಸಿಗೂ ಮೊದಲ ಬಿತ್ತನೆ ಮುಖ್ಯ. ಎದೆಹಾಲಿನಲ್ಲಿ ಮಗುವಿಗೇ ಅರಗದ ಒಂದು ಬಗೆಯ ಸಕ್ಕರೆಗಳಿವೆ. ಅವು ಬಿಫಿಡೋಬ್ಯಾಕ್ಟೀರಿಯಂ ಎಂಬ ಉಪಕಾರಿ ಜೀವಾಣುವಿಗೆ ಮೀಸಲು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಆರಂಭಿಸಿ, ಆರು ತಿಂಗಳು ಅದೊಂದನ್ನೇ ಕೊಡಬೇಕು. ಜೇನು, ಸಕ್ಕರೆ ನೀರು ಬೇಡ. ಈ ಜೀವಾಣುಗಳ ಬಲ ಎಷ್ಟೆಂಬುದಕ್ಕೆ ಭಾರತದ ಹಳ್ಳಿಗಳಲ್ಲೇ ಆಧಾರ ಸಿಕ್ಕಿದೆ. ಒಡಿಶಾದ ಗ್ರಾಮಗಳಲ್ಲಿ 4,556 ನವಜಾತ ಶಿಶುಗಳನ್ನು ಒಳಗೊಂಡ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಒಂದು ವಾರ ಕಾಲ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಂ ಎಂಬ ಜೀವಾಣುವನ್ನು ಅದರ ಆಹಾರದೊಂದಿಗೆ ಪಡೆದ ಎದೆಹಾಲು ಕುಡಿಯುವ ಶಿಶುಗಳಲ್ಲಿ ನಂಜು ಅಥವಾ ಸಾವು ಶೇಕಡ 9ರಿಂದ ಶೇಕಡ 5.4ಕ್ಕೆ ಇಳಿಯಿತು. ಇದು ವೈದ್ಯರ ಮೇಲ್ವಿಚಾರಣೆಯಲ್ಲಿ ನಡೆದ ಪ್ರಯೋಗ. ಅಂಗಡಿಯ ಪುಡಿಗಳನ್ನು ತಾವಾಗಿಯೇ ಕೂಸಿಗೆ ಕೊಡಬಾರದು.

ಒಂದು ಎಚ್ಚರಿಕೆಯ ಮಾತು. ರಾಗಿ, ಮಜ್ಜಿಗೆ ಸೇವನೆಯಿಂದ ಲಸಿಕೆಯ ಕೆಲಸವಾಗುವುದಿಲ್ಲ. ಮಕ್ಕಳಿಗೂ ದನಕರುಗಳಿಗೂ ಲಸಿಕೆಯನ್ನು ತಪ್ಪಿಸಬಾರದು. ನೀರು ಕೊಳಕಾಗಿ, ಕೈ ತೊಳೆಯುವ ಅಭ್ಯಾಸವಿಲ್ಲದೆ ಮಲದ ರೋಗಾಣುಗಳು ದಿನವೂ ಕರುಳು ಸೇರುತ್ತಿದ್ದರೆ ಎಷ್ಟು ಒಳ್ಳೆಯ ಊಟ ಮಾಡಿದರೂ ಗೋಡೆ ಹಾಳಾಗುತ್ತಲೇ ಇರುತ್ತದೆ.

ನೆನಪಿಡಬೇಕಾದ ಅಂಶಗಳು

1. ಹಣದ ಬೆಳೆ ಯಾವುದೇ ಇರಲಿ, ಮನೆಯ ವರ್ಷದ ಊಟಕ್ಕೆ ಬೇಕಾದ ರಾಗಿ ಮತ್ತು ಕಾಳಿಗೆ ಮೊದಲು ಜಾಗ ಮೀಸಲಿಡಬೇಕು.

2. ರಾಗಿ ಹಿಟ್ಟಿನ ತೌಡು ತೆಗೆಯಬಾರದು. ಅಕ್ಕಿಯನ್ನು ಅತಿಯಾಗಿ ಪಾಲಿಶ್ ಮಾಡಿಸಬಾರದು. ದಿನವೂ ಕಾಳು, ಸೊಪ್ಪು, ಮಜ್ಜಿಗೆ ಊಟದಲ್ಲಿರಲಿ.

3. ಕರುವಿಗೆ ಒಂದು ಗಂಟೆಯೊಳಗೆ ಗಿಣ್ಣುಹಾಲು. ಮೊದಲ ದಿನ ತೂಕದ ಹತ್ತನೇ ಒಂದು ಭಾಗ.

4. ಕೂಸಿಗೆ ಒಂದು ಗಂಟೆಯೊಳಗೆ ಎದೆಹಾಲು. ಆರು ತಿಂಗಳು ಎದೆಹಾಲು ಮಾತ್ರ.

5. ವೈದ್ಯರ ಅಥವಾ ಪಶುವೈದ್ಯರ ಚೀಟಿ ಇಲ್ಲದೆ ಜೀವಿರೋಧಕ ಔಷಧ ಬೇಡ.

6. ಲಸಿಕೆ, ಶುದ್ಧ ನೀರು, ಕೈ ತೊಳೆಯುವುದು, ಈ ಮೂರನ್ನೂ ಬಿಡಬಾರದು.

ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿದ ರೈತ ಅದರ ಫಲವನ್ನು ಆ ವರ್ಷವೇ ಪೂರ್ತಿ ಕಾಣುವುದಿಲ್ಲ; ಮಣ್ಣಿನ ಕಸುವು ನಿಧಾನವಾಗಿ ಕೂಡಿಕೊಳ್ಳುತ್ತದೆ. ಮನೆಯವರ ಮತ್ತು ದನಕರುಗಳ ಕರುಳಿನ ವಿಷಯದಲ್ಲೂ ಅದೇ ತಾಳ್ಮೆ, ಅದೇ ಆರೈಕೆ ಬೇಕು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಆ ಊಟವನ್ನು ಬೆಳೆಯಬಲ್ಲವನು ರೈತ. ಮುಂದಿನ ಸಲ ಕೊಟ್ಟಿಗೆಯಲ್ಲಿ ಹಸು ಈದಾಗ ಮೊದಲ ಗಿಣ್ಣು ಕರುವಿಗೇ ಸೇರಲಿ.